ಆರು ವೋಲ್ಟಿನ ಯೆಜ್ಡಿಯ ವೈರಿನ ಲೆಕ್ಕ

ನ್ಯಾಮತಿ ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕು. ಆದರೆ 90ರ ದಶಕದ ಆರಂಭದಲ್ಲಿ ಇಲ್ಲಿನವರು ಕೊಂಡು ನೋಂದಾಯಿಸಿದ ಯೆಜ್ಡಿ ಬೈಕಿನ ನಂಬರ್ ಪ್ಲೇಟಿನಲ್ಲಿ ಇರಬೇಕಾದದ್ದು ಶಿವಮೊಗ್ಗದ ಕೆಎ 14. ಆಗಿನ್ನೂ ಊರು ಹೊನ್ನಾಳಿ ತಾಲ್ಲೂಕಿನಲ್ಲಿತ್ತು, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಹೊತ್ತಿಗೆ ಯೆಜ್ಡಿ ತಯಾರಿಕೆಯೇ ನಿಂತುಹೋಗಿತ್ತು.

ಆ ಬೈಕುಗಳ ತವರು ಮೈಸೂರಿನ ಯಾದವಗಿರಿ. ಐಡಿಯಲ್ ಜಾವಾ ಕಂಪನಿ ಜೆಕೊಸ್ಲೊವಾಕಿಯಾದ ಜಾವಾ ಪರವಾನಗಿ ಪಡೆದು 1961ರಲ್ಲಿ ಅಲ್ಲಿ ತಯಾರಿಕೆ ಶುರುಮಾಡಿತು. 70ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಇಂಥ ಬೈಕನ್ನು ಮತ್ತೆ ರಸ್ತೆಗಿಳಿಸುವವರು ಮೊದಲು ಬಣ್ಣಕ್ಕೂ ಕ್ರೋಮಿಗೂ ಮನಸೋಲುತ್ತಾರೆ. ಸತಾಯಿಸುವುದು ಮಾತ್ರ ವೈರಿಂಗ್.

ಹಾಗೆಂದು ಅದು ಜಟಿಲವೇನಲ್ಲ. ಹಳೆಯ 250 ಸಿಸಿ ಜಾವಾದಲ್ಲಿ ಎಂಜಿನ್ನಿನ ಬಲಬದಿ, ಕ್ರ್ಯಾಂಕಿನ ತುದಿಗೇ ಡೈನಮೊ ಕೂತಿರುತ್ತದೆ. ಕಾಂಟ್ಯಾಕ್ಟ್ ಪಾಯಿಂಟೂ ಅಲ್ಲೇ. ಡೈನಮೊದ ವೋಲ್ಟೇಜು ಬ್ಯಾಟರಿಯದನ್ನು ಮೀರಿದಾಗ ಕಟೌಟ್ ಎಂಬ ಸ್ವಿಚ್ಚು ಎರಡನ್ನೂ ಕೂಡಿಸುತ್ತದೆ, ಎಂಜಿನ್ ನಿಧಾನವಾದಾಗ ಬಿಡಿಸುತ್ತದೆ. ಚಾರ್ಜಿಂಗಿನ ಕೆಂಪು ದೀಪ ಆಕ್ಸಿಲರೇಟರ್ ತಿರುವಿದಾಗ ಆರಿದರೆ ಸರಿ. ಆರದಿದ್ದರೆ ಡೈನಮೊದ ಕಾರ್ಬನ್ ಬ್ರಷ್‌ನಿಂದ ಹುಡುಕಾಟ ಶುರು.

ತೊಡಕಿರುವುದು ಈ ಬೈಕಿನ 6 ವೋಲ್ಟಿನ ವ್ಯವಸ್ಥೆಯಲ್ಲಿ. 35 ವಾಟ್‌ನ ಹೆಡ್‌ಲೈಟಿಗೆ 12 ವೋಲ್ಟಿನ ಬೈಕಿನಲ್ಲಿ ಸುಮಾರು 3 ಆಂಪಿಯರ್ ಸಾಕು. ಇಲ್ಲಿ ಸುಮಾರು 6 ಬೇಕು. ತುಕ್ಕು ಹಿಡಿದ ಒಂದೇ ಜಾಯಿಂಟು ಅರ್ಧ ವೋಲ್ಟ್ ನುಂಗಿದರೂ ಬಲ್ಬಿನ ಬೆಳಕಿನಲ್ಲಿ ಸುಮಾರು ಕಾಲುಭಾಗ ಹೋಗುತ್ತದೆ. ಮೂರು ದಶಕಗಳಲ್ಲಿ ಸಿಕ್ಕ ಸಿಕ್ಕ ಬಣ್ಣದ ತೆಳು ವೈರು ತಿರುಚಿ, ಮೇಲೆ ಟೇಪು ಸುತ್ತಿದ ಬೈಕಿನಲ್ಲಿ ಇಂಥ ಜಾಯಿಂಟುಗಳಿಗೆ ಬರವಿಲ್ಲ.

ಹೀಗಾಗಿ ಪಳಗಿದ ಕೈಗಳು ತೇಪೆ ಹಾಕಲು ಹೋಗುವುದಿಲ್ಲ. ಬ್ಯಾಟರಿ ಕಳಚಿ, ಪ್ರತಿ ತುದಿಗೂ ಚೀಟಿ ಕಟ್ಟಿ, ಫೋಟೊ ತೆಗೆದು, ಹಳೆಯ ವೈರನ್ನು ಇಡಿಯಾಗಿ ಹೊರತೆಗೆಯುತ್ತಾರೆ. ನಕ್ಷೆ ನೋಡಿಕೊಂಡು ಚಾರ್ಜಿಂಗ್, ಇಗ್ನಿಷನ್, ದೀಪ, ಹಾರನ್ ಎಂದು ಒಂದೊಂದೇ ಸರ್ಕ್ಯೂಟ್ ಕಟ್ಟಿ, ಒಂದು ಸರಿಯಾದ ಮೇಲೆ ಇನ್ನೊಂದಕ್ಕೆ ಕೈಹಾಕುತ್ತಾರೆ.

ಎಲ್ಲ ಸರಿಯಿದ್ದೂ ದೀಪ ಹತ್ತದಿದ್ದರೆ ಅನುಮಾನ ಅರ್ತಿಂಗ್ ಮೇಲೆ. ಬೈಕಿನ ಚಾಸಿಯೇ ಕರೆಂಟು ಹಿಂದಿರುಗುವ ದಾರಿ. ಹೊಸ ಪೌಡರ್ ಕೋಟಿಂಗ್ ಆ ದಾರಿಯನ್ನೇ ಮುಚ್ಚುತ್ತದೆ. ಬೋಲ್ಟ್ ಕೂರುವ ಜಾಗದಲ್ಲಷ್ಟೇ ದುಬಾರಿ ಬಣ್ಣವನ್ನು ಕೆರೆದು ಲೋಹ ಕಾಣಿಸಬೇಕು, ಬಿಗಿದ ಮೇಲೆ ತುಕ್ಕು ಹಿಡಿಯದಂತೆ ವ್ಯಾಸಲೀನ್ ಸವರಬೇಕು.

ಫ್ಯೂಸು ಹಾಕುವ ಮುನ್ನ ಇನ್ನೊಂದು ಪರೀಕ್ಷೆಯಿದೆ: ಅದರ ಜಾಗದಲ್ಲಿ 6 ವೋಲ್ಟಿನ ಬಲ್ಬು ಸಿಕ್ಕಿಸಿ ಬ್ಯಾಟರಿ ಜೋಡಿಸುವುದು. ಸ್ವಿಚ್ಚುಗಳೆಲ್ಲ ಆಫ್ ಇದ್ದಾಗಲೂ ಬಲ್ಬು ಉರಿದರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ. ಬಲ್ಬೇ ಕರೆಂಟನ್ನು ತಡೆಹಿಡಿಯುವುದರಿಂದ ವೈರು ಸುಡುವುದೂ ತಪ್ಪುತ್ತದೆ.

ಇಷ್ಟೆಲ್ಲ ಯಾಕೆ, 12 ವೋಲ್ಟಿಗೆ ಬದಲಿಸಿದರಾಯಿತಲ್ಲ ಎನ್ನುವವರೂ ಇದ್ದಾರೆ. ಬೆಳಕು ಸ್ಥಿರವಾಗಿರುತ್ತದೆ, ಬಲ್ಬುಗಳೂ ಸುಲಭವಾಗಿ ಸಿಗುತ್ತವೆ. ಆದರೆ ಕರೆಂಟು ಹುಟ್ಟಿಸುವ ಭಾಗದಿಂದ ಹಿಡಿದು ಕಾಯಿಲ್, ಹಾರನ್, ಬ್ಯಾಟರಿವರೆಗೆ ಎಲ್ಲ ಬದಲಾಗಬೇಕು. ಮೈಸೂರಿನಿಂದ ಬಂದಂತೆಯೇ ಇರಲಿ ಎನ್ನುವವರು ಇದಕ್ಕೆ ಒಪ್ಪುವುದಿಲ್ಲ. ಜುಲೈ ಎರಡನೇ ಭಾನುವಾರದ ಜಾವಾ ಯೆಜ್ಡಿ ದಿನಕ್ಕೆ ಎರಡೂ ಬಣದವರು ಬೈಕು ಹೊರತೆಗೆಯುತ್ತಾರೆ, ಚರ್ಚೆ ಮುಂದುವರಿಸುತ್ತಾರೆ.