ಮನೆಯೊಳಗೆ ಕಡಲನ್ನು ಸಾಕುವ ವಿಚಾರ

ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗಲೆಲ್ಲಾ ವಿಜ್ಞಾನದ ಕೊಠಡಿಯಲ್ಲಿರುವ ಉಪ್ಪುನೀರಿನ ಗಾಜಿನ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತು, ಇಂತಹುದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಕೇಳುವುದುಂಟು. ಭದ್ರಾವತಿಯ ತಾಯಿಯೊಬ್ಬರಂತೂ ಬಣ್ಣಬಣ್ಣದ ಹವಳಗಳಿಂದ ತುಂಬಿದ ತೊಟ್ಟಿಯೊಂದರ ಚಿತ್ರವನ್ನೇ ತಂದು ತೋರಿಸಿ, ಮಗಳ ಹುಟ್ಟುಹಬ್ಬಕ್ಕೆ ಇದನ್ನೇ ಕೊಡಿಸುವೆವೆಂದು ಹೇಳಿದರು. ಅವರಿಗೆ ಆ ಹೊತ್ತಿನಲ್ಲಿ ಸಮಾಧಾನವಾಗಿ ಉತ್ತರ ಕೊಡಲು ನಮಗೆ ಬಿಡುವಿರಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಿಬಿಡತಕ್ಕದ್ದು. ನಮ್ಮ ದೇಶದ ಕಡಲಿನ ಜೀವಂತ ಹವಳವನ್ನು ಮನೆಯಲ್ಲಿಡುವುದು ಕಾಯಿದೆಗೆ ವಿರುದ್ಧವಾದುದು. ದಿಬ್ಬವನ್ನು ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೀಸಣಿಗೆಯಾಕಾರದ ಹವಳ ಇವುಗಳನ್ನೂ, ಇವುಗಳೊಡನೆ ಕಡಲಕುದುರೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿಸಲಾಯಿತು. ಹುಲಿಯೂ ಆನೆಯೂ ಇರುವ ಅನುಸೂಚಿಯೇ ಅದು. ಅಂಗಡಿಯವನು ಗುಟ್ಟಾಗಿ ಚೀಲದಲ್ಲಿ ಹಾಕಿ ಕೊಟ್ಟರೂ ಕೊಂಡವರು ಅಪರಾಧಿಗಳೇ ಆಗುವರು. ಹವಳವನ್ನು ನೋಡಲೇಬೇಕೆಂಬ ಆಸೆಯುಳ್ಳವರು ಘಟ್ಟವಿಳಿದು ಮುರ್ಡೇಶ್ವರಕ್ಕೆ ಹೋಗಲಿ. ಅಲ್ಲಿಂದ ಸುಮಾರು 19 ಕಿಲೋಮೀಟರು ಕಡಲೊಳಗೆ ನೇತ್ರಾಣಿ ದ್ವೀಪವಿರುವುದು. ಅದರ ಸುತ್ತಲೂ ಹವಳಗಳು ತಮ್ಮ ಸ್ವಸ್ಥಾನದಲ್ಲಿ ಬೆಳೆಯುತ್ತಿವೆ.

ಹಾಗಾದರೆ ಮನೆಯಲ್ಲಿ ಏನನ್ನು ಇಡಬಹುದು? ರಂಧ್ರಗಳಿಂದ ಕೂಡಿದ ಕೃತಕ ಶಿಲೆ, ಮರಳು, ಒಂದೆರಡು ಜೊತೆ ಸಣ್ಣ ಮೀನು, ಕೆಲವು ಸೀಗಡಿ. ಇಷ್ಟರಿಂದಲೇ ಒಂದು ಪುಟ್ಟ ಕಡಲು ಆಗುತ್ತದೆ. ಕಿತ್ತಳೆ ಬಣ್ಣಕ್ಕೆ ಬಿಳಿಯ ಪಟ್ಟೆಯುಳ್ಳ ಕ್ಲೌನ್ ಮೀನುಗಳನ್ನು ಕಡಲಿನಿಂದ ಹಿಡಿಯದೆ ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಅಂತಹ ಮರಿಗಳನ್ನೇ ಕೇಳಿ ಕೊಳ್ಳಬೇಕು. ಈ ಮೀನುಗಳೆಲ್ಲವೂ ಮೊದಲು ಗಂಡಾಗಿಯೇ ಇದ್ದು, ಗುಂಪಿನ ಹಿರಿಯದು ಮಾತ್ರ ಹೆಣ್ಣಾಗಿ ಗುಂಪನ್ನು ಆಳುವುದೆಂದು ಹೇಳಿದಾಗ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರಿಗಾದ ಸಂತೋಷ ಅಷ್ಟಿಷ್ಟಲ್ಲ.

ಈ ವಿದ್ಯೆಯ ಆರಂಭದಲ್ಲಿಯೇ ಇಬ್ಬರು ಸ್ತ್ರೀಯರಿದ್ದರೆಂಬುದನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕು. ಹೊಲಿಗೆಯ ಕಸುಬಿನಿಂದ ಜೀವನವನ್ನು ಪ್ರಾರಂಭಿಸಿದ ಫ್ರಾನ್ಸ್ ದೇಶದ ಜೀನ್ ವಿಲ್ಪ್ರೋ ಪವರ್ ಎಂಬಾಕೆ 1832ರಲ್ಲಿ ಸಿಸಿಲಿ ದ್ವೀಪದಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿ, ಆರ್ಗೊನಾಟ್ ಎಂಬ ಕಡಲಜೀವಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುವುದೆಂದು ಸಿದ್ಧಪಡಿಸಿದಳು. 1846ರಲ್ಲಿ ಅನ್ನಾ ಥಿನ್ ಎಂಬಾಕೆ ಟಾರ್ಕೀ ಎಂಬ ಕಡಲೂರಿನಿಂದ ಹವಳಗಳನ್ನು ಲಂಡನ್ನಿಗೆ ತಂದು ಬದುಕಿಸಿದಳು. ಕಡಲು ದೂರ, ಹೊಸ ನೀರು ಸಿಗದು. ಇದ್ದ ನೀರನ್ನೇ ಆಕೆಯ ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು ಪಾತ್ರೆಯಿಂದ ಪಾತ್ರೆಗೆ ಪ್ರತಿದಿನವೂ ಬಹಳ ಹೊತ್ತು ಸುರಿಯುತ್ತಿದ್ದಳಂತೆ. ನೀರಿನೊಳಗೆ ಗಾಳಿ ಬೆರೆಯಲೆಂದು ಹೀಗೆ ಮಾಡುತ್ತಿದ್ದುದು. ಆ ಕೆಲಸದವಳ ಹೆಸರು ನಮ್ಮ ಓದಿಗೆ ಸಿಕ್ಕಿಲ್ಲ. ಈಗ ಆ ಕೆಲಸವನ್ನು ವಿದ್ಯುತ್ತಿನ ಪಂಪು ಮಾಡುತ್ತದೆ.

ನಮ್ಮ ಊರಿನ ಸ್ಥಿತಿಯೂ ಲಂಡನ್ನಿನಂತೆಯೇ. ಗಂಗಾಸ್ನಾನ, ತುಂಗಾಪಾನವೆಂದು ಹಿರಿಯರು ಹೊಗಳಿದ ಸಿಹಿನೀರು ನಮ್ಮದು. ಕೂಡಲಿಯಲ್ಲಿ ಸೇರುವ ತುಂಗೆಯೂ ಭದ್ರೆಯೂ ಹತ್ತಿರದ ಪಶ್ಚಿಮದ ಕಡಲಿಗೆ ಬೆನ್ನು ತಿರುಗಿಸಿ, ಕೃಷ್ಣೆಯೊಡಗೂಡಿ ಪೂರ್ವದ ಕಡಲಿಗೆ ಹೋಗುವುವು. ಆದುದರಿಂದ ಉಪ್ಪುನೀರನ್ನು ನಾವೇ ಮಾಡಿಕೊಳ್ಳಬೇಕು. ಅಡಿಗೆಯ ಉಪ್ಪು ಇದಕ್ಕೆ ಸಲ್ಲದು. ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದು, ಅದರಲ್ಲಿ ಅಡಿಗೆಯ ಉಪ್ಪಿನ ಅಂಶವಲ್ಲದೆ ಮೆಗ್ನೀಷಿಯಂ, ಕ್ಯಾಲ್ಷಿಯಂ, ಪೊಟಾಷಿಯಂ, ಸಲ್ಫೇಟು ಮೊದಲಾದುವು ಕೂಡಿರುವುವು. ಇವೆಲ್ಲವನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದ ಉಪ್ಪು ಮಾರಾಟಕ್ಕಿದೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಶೋಧಿಸಿದ ನೀರಿನಲ್ಲಿಯೇ ಅದನ್ನು ಕರಗಿಸತಕ್ಕದ್ದು; ಅದೂ ಬೇರೆ ಬಕೆಟ್ಟಿನಲ್ಲಿ, ಮೀನಿರುವ ತೊಟ್ಟಿಯಲ್ಲಲ್ಲ. ಹೈಡ್ರೋಮೀಟರಿನಲ್ಲಿ ವಿಶಿಷ್ಟ ಗುರುತ್ವ 1.025ರಷ್ಟು ಬರಬೇಕು.

ತೊಟ್ಟಿಯು ದೊಡ್ಡದಾದಷ್ಟೂ ಸುಲಭ. ಇದು ವಿಚಿತ್ರವಾಗಿ ತೋರಬಹುದು; ಆದರೆ ಸಣ್ಣ ತೊಟ್ಟಿಯಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯಲ್ಲಿ ಸುಮಾರು 190 ಲೀಟರು ನೀರು ಹಿಡಿಯುವುದು. ನೀರಿನ ತೂಕವೇ 190 ಕಿಲೋವಿಗೆ ಮೇಲಾಯಿತು. ಮಲೆನಾಡಿನ ಹಳೆಯ ಮನೆಗಳ ಮರದ ಅಟ್ಟದ ಮೇಲೆ ಇದನ್ನು ಇಡಬಾರದೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ನೀರು ತುಂಬಿದ ದಿನವೇ ಮೀನನ್ನು ಬಿಡುವುದು ಎಲ್ಲರೂ ಮಾಡುವ ತಪ್ಪು. ಮೀನಿನ ಮಲಮೂತ್ರಗಳಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟಾಗಿ ಮಾರ್ಪಡಿಸುತ್ತದೆ, ಅದೂ ವಿಷವೇ. ಮತ್ತೊಂದು ಬಗೆಯದು ಅದನ್ನು ನೈಟ್ರೇಟಾಗಿ ಮಾಡಿದಾಗ ಕೇಡು ಬಹಳ ಕಡಿಮೆಯಾಗುವುದು. ಈ ಕಣ್ಣಿಗೆ ಕಾಣದ ಕೆಲಸಗಾರರು ಕಲ್ಲಿನ ರಂಧ್ರಗಳಲ್ಲಿ ನೆಲಸಲು ನಾಲ್ಕರಿಂದ ಆರು ವಾರಗಳು ಬೇಕು. ಅಲ್ಲಿಯವರೆಗೆ ಮಕ್ಕಳು ಬರಿಯ ನೀರನ್ನೇ ನೋಡುತ್ತಾ ಕಾಯಬೇಕು. ಹುಟ್ಟುಹಬ್ಬದ ಉಡುಗೊರೆಗೆ ಇದು ಒಗ್ಗುವುದೋ ಇಲ್ಲವೋ, ತಾಯಿಯವರೇ ಯೋಚಿಸಲಿ. ನೆಲಸಿದ ಮೇಲೂ ಎರಡು ವಾರಗಳಿಗೊಮ್ಮೆ ನೀರಿನ ಹತ್ತರಲ್ಲೊಂದು ಪಾಲನ್ನು ತೆಗೆದು ಹೊಸ ಉಪ್ಪುನೀರು ಹಾಕುತ್ತಿರಬೇಕು.

ಇನ್ನು ನಮ್ಮದೇ ತಪ್ಪನ್ನು ಹೇಳಬೇಕಾಗಿದೆ. ನಮ್ಮ ಮೊದಲನೆಯ ತೊಟ್ಟಿ 100 ಲೀಟರಿನದು. ಬೇಸಗೆಯ ರಜೆಯಲ್ಲಿ ಅದನ್ನು ನೋಡಿಕೊಳ್ಳಲು ಹತ್ತಿರದಲ್ಲಿಯೇ ಮನೆಯಿದ್ದ ಹುಡುಗಿಯೊಬ್ಬಳನ್ನು ನೇಮಿಸಿದೆವು. "ನೀರು ಕಡಮೆಯಾದರೆ ಬಕೆಟ್ಟಿನಲ್ಲಿರುವುದನ್ನು ಗೆರೆಯವರೆಗೆ ತುಂಬು" ಎಂದು ಹೇಳಿ ಊರಿಗೆ ಹೋದೆವು. ಬಕೆಟ್ಟುಗಳು ಎರಡಿದ್ದುವು, ಒಂದು ಸಿಹಿನೀರು, ಇನ್ನೊಂದು ಉಪ್ಪುನೀರು. ಯಾವುದೆಂದು ನಾವು ಹೇಳಿರಲಿಲ್ಲ. ಕಡಲಿನ ತೊಟ್ಟಿಗೆ ಕಡಲಿನ ನೀರೇ ಎಂದು ಆಕೆ ಭಾವಿಸಿದ್ದರಲ್ಲಿ ತಪ್ಪೇನಿದೆ? ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲಿಯೇ ಉಳಿಯುವುದು. ದಿನಕ್ಕೆ ಒಂದು ಲೀಟರಿನಂತೆ 25 ದಿನಗಳು ಆಕೆ ಉಪ್ಪುನೀರನ್ನು ತುಂಬಿದಳು. ಮೂರೂವರೆ ಕಿಲೋ ಉಪ್ಪಿದ್ದ ತೊಟ್ಟಿಗೆ ಮತ್ತೆ ಮುಕ್ಕಾಲು ಕಿಲೋವಿಗೂ ಹೆಚ್ಚು ಸೇರಿತು. ನಾವು ಹಿಂತಿರುಗುವ ವೇಳೆಗೆ ಮೂರು ಮೀನುಗಳಲ್ಲಿ ಎರಡು ಸತ್ತಿದ್ದುವು.

ಆ ಹುಡುಗಿ ಅಳುತ್ತಾ, "ಟೀಚರ್, ನೀವು ಹೇಳಿದ ಹಾಗೆಯೇ ಮಾಡಿದೆ" ಎಂದಳು. ಒಂದು ದಿನವನ್ನೂ ಬಿಡದೆ, ಎಷ್ಟು ನೀರು ಹಾಕಿದೆನೆಂದು ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಆ ಬರಹದಿಂದಲೇ ತಪ್ಪು ನಮ್ಮದೆಂದು ತಿಳಿಯಿತು. ಆಕೆಯ ಮುಂದೆ ಅದನ್ನು ಒಪ್ಪಿಕೊಂಡೆವು. ಉಳಿದ ಮೀನಿಗಾಗಿ ಉಪ್ಪನ್ನು ಒಮ್ಮೆಗೇ ಇಳಿಸದೆ, ಹಲವು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸಿಹಿನೀರು ಬೆರೆಸಿ ಸರಿಪಡಿಸಿದವಳೂ ಆಕೆಯೇ. ಈಗ ಬಕೆಟ್ಟುಗಳ ಮೇಲೆ ದಪ್ಪ ಅಕ್ಷರಗಳಲ್ಲಿ ಹೆಸರು ಬರೆಯಿಸಿದ್ದೇವೆ.

ಕೊನೆಗೆ ಸೆಕೆಯ ಮಾತು. ತೊಟ್ಟಿಯ ನೀರು 25ರಿಂದ 27 ಡಿಗ್ರಿ ಸೆಲ್ಸಿಯಸ್ಸಿನಲ್ಲಿರುವುದು ಒಳ್ಳೆಯದು. ಏಪ್ರಿಲಿನಲ್ಲಿ ಶಿವಮೊಗ್ಗದ ಹಗಲು 35 ಡಿಗ್ರಿಯನ್ನು ಮೀರುವುದು ಸಾಮಾನ್ಯ, ಭದ್ರಾವತಿಯೂ ಕಡಮೆಯಿಲ್ಲ. ನೀರಿನ ಮೇಲೆ ಸಣ್ಣ ಫ್ಯಾನಿನ ಗಾಳಿಯನ್ನು ಹಾಯಿಸಿದರೆ ಆವಿಯಾಗುವಾಗ ನೀರು ತಂಪಾಗುವುದು. ಮಳೆಗಾಲದ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಆದರೆ ಆಗ ಅದರ ಅವಶ್ಯಕತೆಯೂ ಇಲ್ಲ. ಬೆಚ್ಚನೆಯ ನೀರಿನಲ್ಲಿ ಪ್ರಾಣವಾಯು ಕಡಮೆ ಕರಗುವುದರಿಂದ, ಬೇಸಗೆಯಲ್ಲಿ ವಿದ್ಯುತ್ತು ನಿಂತರೆ ಅಪಾಯ ಇಮ್ಮಡಿ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದನ್ನು ಮೀನಿಗಿಂತ ಮೊದಲೇ ಕೊಂಡಿಡಿರಿ. ಅದೂ ಕೆಟ್ಟರೆ ಒಂದು ತಂಬಿಗೆ ಸಾಕು. ತೊಟ್ಟಿಯ ನೀರನ್ನೇ ಮೊಗೆದು, ಒಂದಡಿ ಎತ್ತರದಿಂದ ಅದೇ ತೊಟ್ಟಿಗೆ ಸುರಿಯುತ್ತಿರಬೇಕು, ವಿದ್ಯುತ್ತು ಬರುವವರೆಗೂ.