ಕಲ್ಲಿಗಿಂತ ಗಟ್ಟಿ, ಕಲ್ಲಿಗಿಂತ ಮೆದು

ಹವ್ಯಾಸ ಏನು ಅಂತ ಕೇಳಿದ್ರೆ ನಮ್ಮ ಕ್ಯಾಂಪಸ್‌ನಲ್ಲಿ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಕ್ರಿಕೆಟ್, ಗೇಮಿಂಗ್, ಟ್ರೆಕ್ಕಿಂಗ್, ಸಿನಿಮಾ. ಈ ಪಟ್ಟಿಗೆ ಇನ್ನೆರಡು ಸೇರಿಸೋಣ ಅಂತ ಈ ಬರಹ. ಒಂದು, ಹರಳುಕಲ್ಲನ್ನು ಕೈಯಿಂದ ಕೆತ್ತುವುದು. ಇನ್ನೊಂದು, ಮಲೆನಾಡಿನ ಗುಡ್ಡದ ಮೇಲೆ ಹಳೇ ಹೆಂಚಿನ ಮನೆ ಇದ್ದರೆ ಅದನ್ನು ನಾವೇ ನಿಂತು ಸರಿಮಾಡುವುದು. ಮೊದಲನೆಯದು ಅಂಗೈಯೊಳಗೆ ಮುಗಿಯುವ ಕೆಲಸ, ಎರಡನೆಯದು ಏಣಿ ಹತ್ತುವ ಕೆಲಸ.

ಎರಡಕ್ಕೂ ಏನು ಸಂಬಂಧ ಅಂತೀರಾ? ಎರಡೂ ಕಲ್ಲಿನ ಕೆಲಸವೇ. ಆದರೆ ನಿಯಮ ಮಾತ್ರ ಉಲ್ಟಾ. ಹರಳಿಗೆ ತಾಗಿಸುವುದು ಹರಳಿಗಿಂತ ಗಟ್ಟಿಯಾಗಿರಬೇಕು. ಹಳೇ ಗೋಡೆಗೆ ಮೆತ್ತುವುದು ಗೋಡೆಗಿಂತ ಮೆದುವಾಗಿರಬೇಕು. ಹರಳಿನಲ್ಲಿ ಈ ನಿಯಮ ತಪ್ಪಿದರೆ ಟೂಲ್ ಸವೆಯುತ್ತದೆ, ಅಷ್ಟೇ. ಮನೆಯಲ್ಲಿ ತಪ್ಪಿದರೆ ಗೋಡೆಯೇ ಹೋಗುತ್ತದೆ. ನಮ್ಮಲ್ಲಿ ಸಾಗರ, ತೀರ್ಥಹಳ್ಳಿ, ಶಿರಸಿ, ಮೂಡಿಗೆರೆ, ಮಡಿಕೇರಿ ಕಡೆಯಿಂದ ಬಂದವರು ಎಷ್ಟೋ ಜನ ಇದ್ದೀರಿ. ಈ ಮಾತು ನಿಮ್ಮ ಅಜ್ಜನ ಮನೆಗೆ ನೇರವಾಗಿ ಸಂಬಂಧಪಟ್ಟದ್ದು.

ಸಾಣೆ ಹಿಡಿಯೋದು ಅಂದ್ರೆ ಏನು?

ಹರಳುಕಲ್ಲನ್ನು ಮರದ ಹಾಗೆ ಉಳಿಯಿಂದ ಕೆತ್ತಲು ಆಗುವುದಿಲ್ಲ. ಉಜ್ಜಿ ಸವೆಸಬೇಕು. ಕನ್ನಡದಲ್ಲಿ ಇದಕ್ಕೆ ಒಳ್ಳೇ ಪದವೇ ಇದೆ: ಸಾಣೆ ಹಿಡಿಯುವುದು. ಯಾವುದು ಯಾವುದನ್ನು ಗೀರುತ್ತದೆ ಅನ್ನುವುದಕ್ಕೆ ಜರ್ಮನ್ ಖನಿಜತಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ಒಂದು ಅಳತೆಪಟ್ಟಿ ಕೊಟ್ಟ. ನಾವು ಬಳಪ ಮಾಡುವ ಟಾಲ್ಕ್‌ಗೆ 1, ಸ್ಫಟಿಕಕ್ಕೆ 7, ಪುಷ್ಯರಾಗಕ್ಕೆ 8, ಕೆಂಪು ಮತ್ತು ನೀಲಕ್ಕೆ 9, ವಜ್ರಕ್ಕೆ 10. ಇದು ಬರೀ ಸಾಲಿನಲ್ಲಿ ನಿಲ್ಲಿಸಿದ ರ್‍ಯಾಂಕ್, ಮಾರ್ಕ್ಸ್ ಅಲ್ಲ. 9ಕ್ಕೂ 10ಕ್ಕೂ ನಡುವಿನ ಅಂತರ ಉಳಿದೆಲ್ಲ ಅಂತರಗಳಿಗಿಂತ ಎಷ್ಟೋ ದೊಡ್ಡದು.

ಕೆಂಪು, ನೀಲ ಎರಡೂ ಒಂದೇ ಖನಿಜ, ಕುರುಂದ. ಇಂಗ್ಲಿಷಿನವರ ‘ಕೊರಂಡಮ್’ ಬಂದದ್ದೂ ತಮಿಳಿನ ಕುರುಂದಂ ಎಂಬ ಪದದಿಂದಲೇ. ಹಳೇ ಮೈಸೂರಿನ ಜಿಲ್ಲೆಗಳಲ್ಲೂ ಈ ಕಲ್ಲು ಸಿಗುತ್ತದೆ. ಹಿಂದೆ ಸಾಣೆಗೆ ಬಳಸುತ್ತಿದ್ದದ್ದು ಇದರ ಪುಡಿಯನ್ನೇ. ಈಗ ಆ ಜಾಗಕ್ಕೆ ಸಿಲಿಕಾನ್ ಕಾರ್ಬೈಡ್ ಮತ್ತು ಕೃತಕ ವಜ್ರದ ಪುಡಿ ಬಂದಿವೆ.

ಹವ್ಯಾಸಕ್ಕೆ ಬೇಕಾದದ್ದು ಒಂದು ಸಣ್ಣ ರೋಟರಿ ಟೂಲ್, ಬಗ್ಗುವ ಶಾಫ್ಟ್, ವಜ್ರದ ಪುಡಿ ಅಂಟಿಸಿದ ನಾಲ್ಕಾರು ಬರ್. ಈ ಬರ್‌ಗಳಲ್ಲಿ ವಜ್ರದ ಕಣಗಳನ್ನು ಉಕ್ಕಿನ ಮೇಲೆ ನಿಕಲ್ ಲೇಪನ ಹಿಡಿದಿಟ್ಟಿರುತ್ತದೆ. ಒತ್ತಿ ಹಿಡಿದರೆ ಬಿಸಿಯಾಗಿ ಲೇಪನ ಬಿಟ್ಟುಕೊಂಡು ಕಣ ಉದುರಿಹೋಗುತ್ತವೆ. ಆದ್ದರಿಂದ ಕೈ ಹಗುರವಾಗಿರಬೇಕು, ನೀರು ಬೀಳುತ್ತಲೇ ಇರಬೇಕು.

20,000 ಆರ್‌ಪಿಎಂ ಅಂದ ಕೂಡಲೇ ಬಹಳ ವೇಗ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. 2 ಮಿ.ಮೀ. ವ್ಯಾಸದ ಬರ್‌ನ ಅಂಚಿನ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಅಷ್ಟೇ. 150 ಮಿ.ಮೀ. ಚಕ್ರ ಬರೀ 1,500 ಆರ್‌ಪಿಎಂನಲ್ಲಿ ತಿರುಗಿದರೂ ಅಂಚಿನ ವೇಗ ಸೆಕೆಂಡಿಗೆ 12 ಮೀಟರ್ ಹತ್ತಿರ ಹೋಗುತ್ತದೆ. ಅದಕ್ಕೇ ದೊಡ್ಡ ಆಕಾರವನ್ನು ಚಕ್ರದಲ್ಲಿ ತೆಗೆದು, ಸೂಕ್ಷ್ಮ ಕೆಲಸಕ್ಕೆ ಮಾತ್ರ ಬರ್ ಹಿಡಿಯುತ್ತಾರೆ. ಅವಸರದ ಸ್ವಭಾವದವರಿಗೆ ಈ ಹವ್ಯಾಸ ಒಳ್ಳೇ ಔಷಧಿ.

ಗಟ್ಟಿತನ ಬೇರೆ, ತಾಳಿಕೆ ಬೇರೆ

ಮೊದಲ ಕಲ್ಲು ಯಾವುದು ಅನ್ನುವುದು ಮುಖ್ಯ. ಗೀರು ಬೀಳದ ಕಲ್ಲು ಒಡೆಯುವುದೂ ಇಲ್ಲ ಅಂತ ನಂಬಬೇಡಿ. ವಜ್ರವೇ ನಾಲ್ಕು ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತದೆ. ಪುಷ್ಯರಾಗಕ್ಕೂ ಒಂದು ದಿಕ್ಕಿನಲ್ಲಿ ಸೀಳುವ ಗುಣ ಇದೆ. ನೆಫ್ರೈಟ್ ಜೇಡ್ ಸ್ಫಟಿಕಕ್ಕಿಂತ ಮೆದು, ಆದರೆ ಅದರೊಳಗಿನ ನಾರುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸುತ್ತಿಗೆ ಏಟಿಗೂ ಸುಲಭವಾಗಿ ಬಗ್ಗುವುದಿಲ್ಲ. ಚೀನಾದಲ್ಲಿ ಸಾವಿರಾರು ವರ್ಷಗಳಿಂದ ಅಷ್ಟು ನಾಜೂಕಾದ ಜೇಡ್ ಕೆತ್ತನೆ ಸಾಧ್ಯವಾದದ್ದು ಈ ಗುಣದಿಂದ.

ಹೊಸಬರಿಗೆ ಬಳಪದ ಕಲ್ಲು ಒಳ್ಳೆಯದು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಆರಿಸಿಕೊಂಡದ್ದೂ ಇದೇ ಜಾತಿಯ ಮೆದು ಕಲ್ಲನ್ನು. ಅದರಲ್ಲಿ ಕೈ ಕೂತ ಮೇಲೆ ಅಕೀಕ್‌ಗೆ ಬನ್ನಿ. ಅಕೀಕ್ ಅಂದ್ರೆ ಬಹಳ ಸಣ್ಣ ಸ್ಫಟಿಕ ಕಣಗಳ ಒತ್ತು ಜೋಡಣೆ. ಸೀಳುವ ದಿಕ್ಕು ಇಲ್ಲ, ಬೆಲೆಯೂ ಕಮ್ಮಿ.

ಕೆಲಸದ ಕ್ರಮ ಸರಳ. 80 ಗ್ರಿಟ್‌ನಲ್ಲಿ ಆಕಾರ, ಆಮೇಲೆ 220, 400, 600, 1200, 3000, ಕೊನೆಗೆ ಸೀರಿಯಂ ಆಕ್ಸೈಡ್‌ನಲ್ಲಿ ಹೊಳಪು. ನಡುವೆ ಒಂದು ಮೆಟ್ಟಿಲು ಹಾರುವ ಹಾಗಿಲ್ಲ. ಪ್ರತಿ ಗ್ರಿಟ್ ಕಲ್ಲಿನ ಮೈಯಲ್ಲಿ ಗೀರಿನ ಜೊತೆಗೆ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳನ್ನೂ ಬಿಡುತ್ತದೆ. ಮುಂದಿನ ಗ್ರಿಟ್‌ನ ಕೆಲಸವೇ ಅವನ್ನು ತೆಗೆಯುವುದು. 220 ಬಿಟ್ಟು ಮುಂದೆ ಹೋದರೆ ಅದು ಗೊತ್ತಾಗುವುದು ಹೊಳಪು ಕೊಡುವಾಗ. ಆಗ ಮತ್ತೆ ಮೊದಲಿಂದ.

ಧೂಳಿನ ವಿಷಯ

ಈ ಹವ್ಯಾಸದಲ್ಲಿ ತಮಾಷೆ ಅಲ್ಲದ ಸಂಗತಿ ಒಂದಿದೆ. ಗುಜರಾತಿನ ಖಂಭಾತ್ ಅಕೀಕ್ ಮಣಿಗಳಿಗೆ ಹೆಸರುವಾಸಿ. ಆ ಕಡೆಯ ಲೋಥಲ್‌ನಲ್ಲಿ ಹರಪ್ಪ ಕಾಲದ ಮಣಿ ಕಾರ್ಖಾನೆಯೇ ಸಿಕ್ಕಿದೆ. ಲೋಥಲ್ ಉತ್ಖನನದ ನೇತೃತ್ವ ವಹಿಸಿದವರು ನಮ್ಮ ಶಿಕಾರಿಪುರ ರಂಗನಾಥ ರಾವ್. ಅಂದರೆ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಕಸುಬು ಇದು. ಅದೇ ಖಂಭಾತ್‌ನಲ್ಲಿ ಮನೆಗಳಲ್ಲೇ ಚಕ್ರ ಇಟ್ಟುಕೊಂಡು ಅಕೀಕ್ ಉಜ್ಜುವವರಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ದಶಕಗಳಿಂದ ದಾಖಲಾಗುತ್ತಾ ಬಂದಿದೆ. ಒಳಗೆ ಹೋದ ಸಿಲಿಕಾ ಕಣ ಹೊರಗೆ ಬರುವುದಿಲ್ಲ. ಆದ ಗಾಯ ಮಾಯುವುದೂ ಇಲ್ಲ.

ಕಣ್ಣಿಗೆ ಕಾಣುವ ಧೂಳು ಅಷ್ಟು ಅಪಾಯ ಅಲ್ಲ, ಅದು ಬೇಗ ಕೆಳಗೆ ಕೂರುತ್ತದೆ. ಸ್ಟೋಕ್ಸ್ ಸೂತ್ರ ನೆನಪಿದೆಯಾ? 1 ಮೈಕ್ರಾನ್ ಸ್ಫಟಿಕ ಕಣ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 0.08 ಮಿ.ಮೀ. ಇಳಿಯುತ್ತದೆ. ಮೂಗಿನ ಎತ್ತರದಿಂದ, ಅಂದರೆ ಒಂದೂವರೆ ಮೀಟರ್‌ನಿಂದ ನೆಲ ಮುಟ್ಟಲು 5 ಗಂಟೆ ಬೇಕು. ನೀವು ಟೂಲ್ ಆಫ್ ಮಾಡಿ ಊಟಕ್ಕೆ ಹೋಗಿ ಬಂದರೂ ಅದು ರೂಮಲ್ಲೇ ತೇಲುತ್ತಿರುತ್ತದೆ. ಹಾಗಾಗಿ ಹಾಸ್ಟೆಲ್ ರೂಮಿನಲ್ಲಿ ಈ ಕೆಲಸ ಖಂಡಿತ ಬೇಡ. ರೂಮ್‌ಮೇಟ್ ಏನು ತಪ್ಪು ಮಾಡಿದ್ದಾನೆ?

ಪರಿಹಾರ ನಮ್ಮ ದೇವರ ಮನೆಯಲ್ಲೇ ಇದೆ. ಸಾಣೆಕಲ್ಲಿನ ಮೇಲೆ ಗಂಧ ತೇಯುವಾಗ ನೀರು ಹಾಕದೆ ಯಾರೂ ತೇಯುವುದಿಲ್ಲ. ಇಲ್ಲೂ ಅಷ್ಟೇ, ಕಲ್ಲು ಸದಾ ಒದ್ದೆ ಇರಬೇಕು. ಕೆಲಸ ತೆರೆದ ಜಾಗದಲ್ಲಿ, ಮುಖಕ್ಕೆ ಸರಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಒಳ್ಳೇ ಮಾಸ್ಕ್. ಕೆಸರನ್ನು ಒಣಗಲು ಬಿಡದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಳಪದ ಕಲ್ಲಿಗೂ ಇದೇ ನಿಯಮ, ಕೆಲವು ಗಣಿಯ ಕಲ್ಲಿನಲ್ಲಿ ಆಸ್ಬೆಸ್ಟಾಸ್ ನಾರು ಇರಬಹುದು. ನೀರಿದ್ದ ಕಡೆ ಕರೆಂಟ್ ಇರುವುದರಿಂದ ಮೋಟರ್ ಮೇಲೆ ದೂರದಲ್ಲಿ ನೇತಾಡಬೇಕು, ಲೈನಿಗೆ ಆರ್‌ಸಿಸಿಬಿ ಇರಬೇಕು. ಬಗ್ಗುವ ಶಾಫ್ಟ್ ಬೇಕು ಅಂದದ್ದು ಇದಕ್ಕೇ.

ಈಗ ಘಟ್ಟದ ಮನೆಗೆ

ಇಲ್ಲಿ ಲೆಕ್ಕ ತಿರುಗುತ್ತದೆ. ಮಲೆನಾಡು, ಕರಾವಳಿಯ ಹಳೇ ಮನೆಗಳ ಗೋಡೆ ಮಣ್ಣಿನದ್ದು, ಇಲ್ಲವೇ ಜಂಬಿಟ್ಟಿಗೆಯದ್ದು. ಕೆಲವು ಕಡೆ ಇದನ್ನೇ ಮುರಕಲ್ಲು, ಕೆಂಪುಕಲ್ಲು ಅಂತಾರೆ. ಫ್ರಾನ್ಸಿಸ್ ಬುಕಾನನ್ ಇದಕ್ಕೆ ‘ಲ್ಯಾಟರೈಟ್’ ಅಂತ ಹೆಸರಿಟ್ಟು 1807ರಲ್ಲಿ ಬರೆದ, ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಪದದಿಂದ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಇದೆ ನೋಡಿ. ನೆಲದಲ್ಲಿ ಇದ್ದಾಗ ಮೆದು, ಗಾಳಿಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುವ, ಮೈತುಂಬ ರಂಧ್ರ ಇರುವ ಕಲ್ಲು. ಭಾರತೀಯ ಮಾನಕದ ಪ್ರಕಾರ ಗೋಡೆಗೆ ಬಳಸುವ ಜಂಬಿಟ್ಟಿಗೆಗೆ ಇರಬೇಕಾದ ಕನಿಷ್ಠ ಸಂಪೀಡನ ಬಲ ಚದರ ಮಿ.ಮೀ.ಗೆ 3.5 ನ್ಯೂಟನ್. ಅಂಗಡಿಯಲ್ಲಿ ಸಿಗುವ ಸಿಮೆಂಟ್ ಚೀಲದ ಮೇಲೆ 43, 53 ಅಂತ ಬರೆದಿರುತ್ತದಲ್ಲ, ಅದೂ ಇದೇ ಮಾಪನದ್ದು, 28 ದಿನದ ಪರೀಕ್ಷೆಯದ್ದು. ಮರಳು ಬೆರೆಸಿದಾಗ ಇಳಿಯುತ್ತದೆ, ನಿಜ. ಆದರೂ ಗಟ್ಟಿ ಸಿಮೆಂಟ್ ಗಾರೆ ಈ ಗೋಡೆಗಿಂತ ಎಷ್ಟೋ ಬಿಗಿ.

ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಗೋಡೆಯೊಳಗೆ ನೀರು ಬರುವುದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ನೆಲದ ತೇವ ರಂಧ್ರಗಳ ಮೂಲಕ ಮೇಲಕ್ಕೆ ಏರುತ್ತದೆ. ಹಿಂದಿನವರು ಮಾಡಿದ್ದು ಬಂದ ನೀರಿಗೆ ಹೊರಗೆ ಹೋಗುವ ದಾರಿ ಬಿಟ್ಟದ್ದು. ಸುಣ್ಣದ ಗಾರೆ ಆವಿಯನ್ನು ಹೊರಬಿಡುತ್ತದೆ. ಮಳೆ ನಿಂತ ಮೇಲೆ ಗೋಡೆ ತಾನಾಗಿ ಒಣಗುತ್ತದೆ.

ಈಗ ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಂತು ಅಂದುಕೊಳ್ಳಿ. ಮೊದಲ ವರ್ಷ ಚೆನ್ನಾಗಿ ಕಾಣುತ್ತದೆ. ಗೋಡೆ ಬಿಸಿಲು ಮಳೆಗೆ ಸ್ವಲ್ಪ ಸ್ವಲ್ಪ ಅಲುಗುತ್ತಲೇ ಇರುತ್ತದೆ, ಪ್ಲಾಸ್ಟರ್‌ಗೆ ಅಷ್ಟು ಬಾಗುವ ಗುಣ ಇಲ್ಲ. ಕೂದಲೆಳೆಯ ಬಿರುಕು ಬೀಳುತ್ತದೆ. ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ಆದರೆ ಹೊರಗೆ ಬರಲು ದಾರಿ ಇಲ್ಲ. ತೇವ ಮೊದಲಿಗಿಂತ ಎತ್ತರಕ್ಕೆ ಏರುತ್ತದೆ. ನೀರಿನಲ್ಲಿ ಕರಗಿದ ಲವಣಗಳು ಪ್ಲಾಸ್ಟರ್ ಹಿಂದೆಯೇ ಹರಳುಗಟ್ಟಿ ಕಲ್ಲಿನ ಮೈಯನ್ನು ಪುಡಿಮಾಡುತ್ತವೆ. ಗೋಡೆಯೊಳಗೆ ಕೂತಿರುವ ತೊಲೆಯ ತುದಿ ಕೊಳೆಯುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಪ್ಲಾಸ್ಟರ್ ಹಾಳೆ ಹಾಳೆಯಾಗಿ ಬಿದ್ದಾಗ ಅದರ ಜೊತೆ ಕಲ್ಲಿನ ಮುಖವೂ ಬೀಳುತ್ತದೆ. ಆಗ ಎಲ್ಲರೂ ಹೇಳುವುದು ಒಂದೇ: ಮನೆ ಹಳತಾಯ್ತು, ಕೆಡವಿ ಆರ್‌ಸಿಸಿ ಕಟ್ಟೋಣ. ಮನೆಗೆ ಆದದ್ದು ವಯಸ್ಸಲ್ಲ, ಉಸಿರು ಕಟ್ಟಿದ್ದು.

ಗಾರೆ ಕಲ್ಲಿಗಿಂತ ಮೆದುವಾಗಿರಬೇಕು ಅನ್ನುವುದು ಇದಕ್ಕೇ. ಯಾವುದಾದರೂ ಒಂದು ಸವೆಯಲೇಬೇಕು ಅಂದಾಗ ಗಾರೆ ಸವೆಯಲಿ, ಕಲ್ಲು ಉಳಿಯಲಿ. ಗಾರೆಯನ್ನು ಮತ್ತೆ ಬಳಿಯಬಹುದು.

ಸುಣ್ಣದ ಲೆಕ್ಕ

ಸುಣ್ಣದ ಕಲ್ಲನ್ನೋ ಕರಾವಳಿಯ ಚಿಪ್ಪನ್ನೋ 900 ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದರೆ ಅದು ಸುರ್ಕಿ, ನೀರಿನಲ್ಲೂ ಗಟ್ಟಿಯಾಗುವ ಗಾರೆ. ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿಯ ಮೇಲೆ. ಆದ್ದರಿಂದ ಸುಣ್ಣ ಅಂದ್ರೆ ಬಡವರ ಸಿಮೆಂಟ್ ಅಂತ ಮೂಗು ಮುರಿಯಬೇಕಾಗಿಲ್ಲ.

ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು, ತೆಳು ಪದರ, ಪದರದ ನಡುವೆ ಬಿಡುವು, ಕೆಲವು ದಿನ ನೀರು ಚಿಮುಕಿಸುತ್ತಾ ಇರುವುದು. ಮಳೆ ನಿಂತ ಮೇಲೆ, ಡಿಸೆಂಬರ್ ಜನವರಿಯ ರಜೆಯಲ್ಲಿ ಮಾಡುವ ಕೆಲಸ ಇದು. ಹಸಿ ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಕನ್ನಡಕ ಮತ್ತು ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಎಲ್ಲಿಂದ ಶುರು?

ಬಣ್ಣದಿಂದ ಅಲ್ಲ, ನೀರಿನಿಂದ. ಮೊದಲು ಮಾಡು ನೋಡಿ. ಮಂಗಳೂರು ಹೆಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಷನ್ ಶುರುಮಾಡಿದ್ದು 1865ರಲ್ಲಿ. ಹೆಂಚುಗಳು ಒಂದಕ್ಕೊಂದು ಕೊಂಡಿಯಂತೆ ಕೂರುವುದರಿಂದ ಒಡೆದದ್ದನ್ನು ಮಾತ್ರ ಬದಲಾಯಿಸಿದರೆ ಸಾಕು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಪದ್ಧತಿ ಇದ್ದದ್ದು ಇದಕ್ಕೆ. ಒಣಗಿದ ದಿನ ಮಾತ್ರ ಹತ್ತಿ, ಭಾರ ಪಕಾಸಿಯ ಮೇಲೆ ಬೀಳುವ ಹಾಗೆ ಕಾಲಿಡಿ, ಕೆಳಗೆ ಒಬ್ಬರು ಇರಲಿ.

ಆಮೇಲೆ ಸೂರಿನ ನೀರು ಎಲ್ಲಿ ಬೀಳುತ್ತದೆ ನೋಡಿ. ಅಂಗಳದ ಮಣ್ಣು ವರ್ಷಾ ವರ್ಷ ಏರಿ ಗೋಡೆ ಬುಡಕ್ಕೆ ತಾಗಿದ್ದರೆ ಕೆರೆದು ತಗ್ಗಿಸಿ, ಚರಂಡಿ ಬಿಡಿಸಿ. ಎಷ್ಟೋ ಗೋಡೆಗಳ ತೇವ ಇಷ್ಟಕ್ಕೇ ಕಮ್ಮಿಯಾಗುತ್ತದೆ. ಮಳೆ ಹೊಡೆಯುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಹಳ್ಳಿಯವರ ಅಜ್ಞಾನ ಅಲ್ಲ, ಗೋಡೆಗೆ ಹಾಕಿದ ರೇನ್‌ಕೋಟ್.

ಬಿರುಕು ಕಂಡ ಕೂಡಲೇ ಮುಚ್ಚಬೇಡಿ. ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಒಂದು ಮಳೆಗಾಲ ಕಳೆದ ಮೇಲೂ ಅಲ್ಲೇ ಇದ್ದರೆ ಅದು ಹಳೇ ಗಾಯ, ಸುಣ್ಣ ಸಾಕು. ಮುಂದೆ ಹೋಗಿದ್ದರೆ ಅಡಿಪಾಯದ ವಿಷಯ, ತಿಳಿದವರನ್ನು ಕರೆಸಿ. ತೊಲೆ ಬದಲಾಯಿಸುವುದೂ ಬಡಗಿಯ ಕೆಲಸವೇ, ಹವ್ಯಾಸದ್ದಲ್ಲ. ಕೊಟ್ಟಿಗೆಯ ಹಳೇ ಶೀಟು ಆಸ್ಬೆಸ್ಟಾಸ್ ಆಗಿದ್ದರೆ ಒಣಗಿದ್ದಾಗ ಒಡೆಯಬೇಡಿ. ಇನ್ನೊಂದು ಮಾತು: ಸೌದೆ ಒಲೆಯ ಹೊಗೆ ಮಾಡಿನ ಮರವನ್ನು ಒಣಗಿಸಿ ಹುಳ ದೂರ ಇಡುತ್ತಿತ್ತು. ಒಲೆ ಆರಿ ಬಾಗಿಲು ಮುಚ್ಚಿದ ಮನೆ ಬೇಗ ಹಾಳಾಗುತ್ತದೆ. ಯಾರಾದರೂ ಹೋಗಿ ಕಿಟಕಿ ತೆರೆದರೂ ಅದು ಅರ್ಧ ರಿಪೇರಿ.

ಹರಳು ಕೆತ್ತುವವರಿಗೆ ನೀರು ಬೇಕೇ ಬೇಕು, ಮನೆ ಉಳಿಸುವವರಿಗೆ ನೀರು ಹೊರಗೆ ಹೋಗಲೇಬೇಕು. ಎರಡರಲ್ಲೂ ಕೆಲಸ ಶುರುವಾಗುವುದು ಎದುರಿಗಿರುವ ಕಲ್ಲು ಎಂಥದ್ದು ಅಂತ ತಿಳಿದುಕೊಳ್ಳುವುದರಿಂದ. ಈ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ‘ಈ ಸಲ ಪ್ಲಾಸ್ಟರ್ ಮಾಡಿಸಿಬಿಡೋಣ’ ಅನ್ನುವ ಮಾತು ಬಂದರೆ ಸುಮ್ಮನೆ ತಲೆ ಆಡಿಸಬೇಡಿ. ಗೋಡೆಯ ಒಂದು ಮೂಲೆ ಕೆರೆದು ಒಳಗೆ ಏನಿದೆ ನೋಡಿ. ಮಣ್ಣೋ ಜಂಬಿಟ್ಟಿಗೆಯೋ ಸಿಕ್ಕಿದರೆ, ಮೇಸ್ತ್ರಿ ಸಿಮೆಂಟ್ ಚೀಲ ಬಿಚ್ಚುವ ಮುಂಚೆ ಸುಣ್ಣದ ಮಾತು ಎತ್ತಿ. ಊರಿನಲ್ಲಿ ಗಾರೆ ಕೆಲಸ ಗೊತ್ತಿರುವ ಹಿರಿಯರು ಇನ್ನೂ ಇದ್ದರೆ ಅವರ ಜೊತೆ ನಾಲ್ಕು ದಿನ ಕೈಜೋಡಿಸಿ. ನಮ್ಮ ಸಿಲಬಸ್‌ನಲ್ಲಿ ಇಲ್ಲದ ಆ ಲ್ಯಾಬ್ ಇನ್ನೆಷ್ಟು ವರ್ಷ ತೆರೆದಿರುತ್ತದೋ.