ನಿಮಗಿದು ಗೊತ್ತೇ? – ಅಂಗೈ ಮೇಲಿನ ಯುದ್ಧಯಂತ್ರಗಳು

ಮೇಜಿನ ಮೇಲೆ ಪುಟ್ಟ ಸೈನ್ಯ ಹೂಡಿ, ದಾಳ ಉರುಳಿಸಿ, ಹಳೆಯ ಕದನಗಳನ್ನು ಮತ್ತೆ ಆಡುವ ಹವ್ಯಾಸಕ್ಕೆ ವಾರ್‌ಗೇಮಿಂಗ್ ಎನ್ನುತ್ತಾರೆ. ಆಟ ಒಂದು ಸಂಜೆಗೆ ಮುಗಿಯುತ್ತದೆ. ತೋಪು, ಕವಣೆಯಂತ್ರ, ಟ್ಯಾಂಕುಗಳಿಗೆ ಬಣ್ಣ ಬಳಿಯುವ ಕೆಲಸ ಮಾತ್ರ ತಿಂಗಳುಗಟ್ಟಲೆ ಸಾಗುತ್ತದೆ.

ಮಂಗಳ ಗ್ರಹದವರನ್ನು ಭೂಮಿಗೆ ಇಳಿಸಿದ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ನಿಯಮಪುಸ್ತಕ ಬರೆದರು. ಅವರ ಆಟದಲ್ಲಿ ಗುಂಡು ಹಾರಿಸಲು ದಾಳದ ಹಂಗಿರಲಿಲ್ಲ. ಸ್ಪ್ರಿಂಗ್ ತೋಪಿನಿಂದ ಮರದ ಚೂರು ಹಾರಿಸಿ ಎದುರಾಳಿಯ ಸೈನಿಕರನ್ನು ನಿಜಕ್ಕೂ ಉರುಳಿಸಬೇಕಿತ್ತು. ಇಂದು ಯಾರಾದರೂ ಹಾಗೆ ಮಾಡಿದರೆ, ಬಣ್ಣ ಬಳಿದವರು ಆಮೇಲೆ ಮಾತು ಬಿಟ್ಟಾರು!

‘28 ಮಿ.ಮೀ.’ ಬೊಂಬೆ ಎಂದರೆ ಅದರ ಪೂರ್ತಿ ಎತ್ತರ ಅಷ್ಟು ಎಂದುಕೊಂಡಿರಾ? ಹಲವು ತಯಾರಕರು ಅಂಗಾಲಿನಿಂದ ಕಣ್ಣಿನವರೆಗೆ ಮಾತ್ರ ಅಳೆಯುತ್ತಾರೆ. ತಲೆಯ ಮೇಲೆ ಟೋಪಿ, ಗರಿ ಇದ್ದರೆ ಅಳತೆ ಕೆಡುತ್ತದಲ್ಲ, ಅದಕ್ಕೆ.

ನೆಪೋಲಿಯನ್ ಕಾಲದ ತೋಪುಗಾಡಿ ಯಾವ ದೇಶದ್ದೆಂದು ಮರದ ಬಣ್ಣವೇ ಹೇಳುತ್ತದೆ. ಬ್ರಿಟಿಷರದು ಬೂದು, ಫ್ರೆಂಚರದು ಆಲಿವ್ ಹಸಿರು, ಆಸ್ಟ್ರಿಯದವರದು ಮಣ್ಣುಹಳದಿ, ಪ್ರಷ್ಯದವರದು ತಿಳಿನೀಲಿ. ಕಬ್ಬಿಣದ ಪಟ್ಟಿ, ಮೊಳೆಗಳಿಗೆ ಸಾಮಾನ್ಯವಾಗಿ ಕಪ್ಪು. ಹೊಸಬರು ಎಡವುವುದು ಕಂಚಿನ ನಳಿಗೆಯಲ್ಲಿ. ಚಿನ್ನದ ಬಣ್ಣ ಬಳಿದು ಕೈತೊಳೆದುಕೊಂಡರೆ ತೋಪು ಮದುವೆಮನೆಯ ದೀಪದ ಕಂಬದಂತೆ ಹೊಳೆಯುತ್ತದೆ. ಅನುಭವಿಗಳು ಕಂಚಿನ ಬಣ್ಣದ ಮೇಲೆ ತೆಳ್ಳಗಿನ ಕಂದು ‘ವಾಶ್’ ಹರಿಯಬಿಡುತ್ತಾರೆ. ಅದು ಬಳೆಗಳ ಸಂದಿಯಲ್ಲಿ ಇಳಿದು ನೆರಳಾಗುತ್ತದೆ. ಒಣಗಿದ ಮೇಲೆ ಬಾಯಿಯ ಅಂಚಿಗೆ, ಹಿಡಿಕೆಗಳ ಬೆನ್ನಿಗೆ ಮಾತ್ರ ಹೊಳಪು ಮುಟ್ಟಿಸುತ್ತಾರೆ. ಬಾಯೊಳಗೆ ಮಸಿಗಪ್ಪು.

ಕವಣೆಯಂತ್ರಕ್ಕೆ ಅಚ್ಚ ಕಂದು ಬಣ್ಣ ಬಳಿಯಬೇಡಿ. ಬಿಸಿಲು ಮಳೆಗೆ ಬಿದ್ದ ಮರ ಬೂದಿಗೆ ತಿರುಗುತ್ತದೆ. ಆದರೆ ಇಂಗ್ಲೆಂಡಿನ ದೊರೆ 1ನೇ ಎಡ್ವರ್ಡನ ‘ವಾರ್‌ವುಲ್ಫ್’ಗೆ ಹೊಸ ಮರದ ಬಣ್ಣವೇ ಸರಿ. 1304ರಲ್ಲಿ ಸ್ಟರ್ಲಿಂಗ್ ಕೋಟೆಯ ಎದುರೇ ಕಟ್ಟಿಸಿದ ದೈತ್ಯ ಅದು. ಒಳಗಿದ್ದವರು ಶರಣಾಗುತ್ತೇವೆಂದರೂ, ಯಂತ್ರದ ಕೈಚಳಕ ನೋಡದೆ ದೊರೆ ಒಪ್ಪಲಿಲ್ಲ.

1916ರ ಸೆಪ್ಟೆಂಬರ್ 15ರಂದು ಸೋಮ್ ರಣರಂಗಕ್ಕೆ ಇಳಿದ ಮೊದಲ ಟ್ಯಾಂಕುಗಳ ಬಣ್ಣಬಣ್ಣದ ಮರೆಮಾಚು ವಿನ್ಯಾಸ ಸಾಲಮನ್ ಜೆ. ಸಾಲಮನ್ ಎಂಬ ಹೆಸರಾಂತ ಚಿತ್ರಕಾರರದು. ಕೆಸರು ಮೆತ್ತಿ ಯಾವ ಬಣ್ಣವೂ ಕಾಣದಾಗಿ, ಮುಂದೆ ಒಂದೇ ಕಂದುಬಣ್ಣಕ್ಕೆ ಇಳಿದರು. ಆದ್ದರಿಂದ ಈ ಟ್ಯಾಂಕಿಗೆ ಕೆಸರೇ ಮುಖ್ಯ ಅಲಂಕಾರ. ಚಕ್ರದ ಪಟ್ಟಿಗೆ ಮೆತ್ತಿದ ಕೆಸರೂ ಬೇಸಿನ (ಬೊಂಬೆ ನಿಲ್ಲುವ ತಳಹಲಗೆಯ) ಮಣ್ಣೂ ಒಂದೇ ಬಣ್ಣದ್ದಿರಲಿ.

1941ರ ಹೊತ್ತಿನ ಮರುಭೂಮಿಯ ಬ್ರಿಟಿಷ್ ಟ್ಯಾಂಕುಗಳಿಗೆ ಹವ್ಯಾಸಿಗಳು ಬಹುಕಾಲ ತಿಳಿನೀಲಿ ಪಟ್ಟೆ ಬಳಿದರು. ಮ್ಯೂಸಿಯಂ ಒಂದರಲ್ಲಿ ಮರುಬಣ್ಣ ಕಂಡ ಟ್ಯಾಂಕನ್ನು ನಂಬಿದ್ದು ಇದಕ್ಕೊಂದು ಕಾರಣ. ಅಸಲಿ ಬಣ್ಣ ಹಸಿರು ಛಾಯೆಯ ಬೂದು. ಗುಲಾಬಿ ಜೀಪು ಕಂಡರೆ ಮಾತ್ರ ನಗಬೇಡಿ. ಬ್ರಿಟನ್ನಿನ ಎಸ್‌.ಎ.ಎಸ್. ಪಡೆ 1960ರ ದಶಕದ ಕೊನೆಯಲ್ಲಿ ಮರುಭೂಮಿಗೆಂದು ಲ್ಯಾಂಡ್ ರೋವರುಗಳಿಗೆ ಗುಲಾಬಿಯನ್ನೇ ಬಳಿದಿತ್ತು.

ಬೇಸ್ ಎಂದರೆ ಬರೀ ಅಲಂಕಾರವಲ್ಲ, ಲೆಕ್ಕ. 1990ರಲ್ಲಿ ಬಂದ ‘ಡಿ.ಬಿ.ಎ.’ ನಿಯಮದಲ್ಲಿ 15 ಮಿ.ಮೀ. ಸೈನ್ಯದ ಪ್ರತಿ ತುಕಡಿಯ ಮುಂಭಾಗ 40 ಮಿ.ಮೀ. ಇರಬೇಕು. ಕಾಲಾಳಾಗಲಿ ಆನೆಯಾಗಲಿ, ಅಗಲ ಒಂದೇ. ಅಂಥ 12 ತುಕಡಿಗಳಾದರೆ ಒಂದು ಸೈನ್ಯ!

ಬೇಸಿನ ಮೇಲೆ ಮಣ್ಣು ಮೂಡಿಸುವುದು ಸುಲಭ. ಫೆವಿಕಾಲ್ ಬಳಿದು ಮರಳು ಉದುರಿಸಿ, ಕಪ್ಪು-ಕಂದು ಬಣ್ಣ ಕೊಟ್ಟು, ಕುಂಚವನ್ನು ಬಟ್ಟೆಗೆ ಒರೆಸಿ ಬಹುತೇಕ ಒಣಗಿಸಿ ಮೇಲ್ಮೈ ಮೇಲೆ ತಿಳಿಬಣ್ಣ ಸವರಿದರೆ ಕಲ್ಲುಗಳೆಲ್ಲ ಎದ್ದು ಕಾಣುತ್ತವೆ. ಚಹಾ ಗಷ್ಟನ್ನು ತರಗೆಲೆಯಾಗಿ ಉದುರಿಸುವವರೂ ಉಂಟು. ಪೂರ್ತಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಎಚ್ಚರ. ನೆಟ್ಟಗೆ ನಿಲ್ಲುವ ಹುಲ್ಲು ನೈಲಾನ್ ಎಳೆ. ಅದನ್ನು ನಿಲ್ಲಿಸುವುದು ಸ್ಥಿರ ವಿದ್ಯುತ್ತು.

ನಮ್ಮ ಮೈಸೂರಿನ ರಾಕೆಟ್ ಪಡೆಯೂ ಇಂಥ ಮೇಜುಗಳ ಮೇಲೆ ಮೆರೆಯುತ್ತದೆ. ಕಬ್ಬಿಣದ ಕೊಳವೆಗೆ ಬೆಳ್ಳಿಬಣ್ಣ ಬೇಡ, ಕಪ್ಪು-ಕಂದು ಸಾಕು. ಅದಕ್ಕೆ ಕಟ್ಟಿದ ಬಿದಿರಿಗೆ ಒಣಹುಲ್ಲಿನ ಬಣ್ಣ. ಹೊಗೆಗೆ ತಂತಿಗೆ ಸುತ್ತಿದ ಹತ್ತಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿದ್ದವು.

ಈ ಸೈನ್ಯ ಕಟ್ಟುವ ಮನಸ್ಸಿದ್ದರೆ ಮೊದಲು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ, ಮೈಸೂರು ಸೈನ್ಯ ಬ್ರಿಟಿಷರನ್ನು ಎದುರಿಸಿದ 1780ರ ಪೊಳ್ಳಿಲೂರು ಕದನದ ಭಿತ್ತಿಚಿತ್ರದ ಎದುರು ನಿಂತು ನೋಡಿ. ಕುದುರೆ, ಆನೆ, ಸಿಡಿದುಹೋಗುತ್ತಿರುವ ಮದ್ದಿನ ಗಾಡಿ ಎಲ್ಲವೂ ಅಲ್ಲಿವೆ. ಬಣ್ಣಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ: 19ನೇ ಶತಮಾನದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ಮತ್ತೆ ಬರೆಸಿದ್ದಾನೆ.